ಬಫಿಂಗ್ ಪ್ಯಾಡ್ ಆಯ್ಕೆ: ಕಾರಿಗೂ ದೋಣಿಗೂ ಪದೇ ಪದೇ ಕೇಳುವ ಪ್ರಶ್ನೆಗಳು

ಪಾಲಿಶ್ ಮಾಡಲು ಹೊರಟವರು ಮೊದಲು ಕೇಳುವುದು ಯಾವ ಮಶಿನ್ ಅಂತ. ಆಮೇಲೆ ಯಾವ ಕಾಂಪೌಂಡ್ (ಪೇಂಟ್ ಉಜ್ಜಿ ತೆಗೆಯುವ ಪೇಸ್ಟ್) ಅಂತ. ಮಶಿನಿನ ತುದಿಗೆ ಹಾಕುವ ಮೆತ್ತೆಯ, ಅಂದರೆ ಪ್ಯಾಡಿನ, ಮಾತು ಬರುವುದು ಎಲ್ಲಕ್ಕಿಂತ ಕೊನೆಗೆ, ಅದೂ ಮಶಿನ್ ಜೊತೆ ಪುಕ್ಕಟೆ ಬಂದದ್ದನ್ನೇ ಹಾಕಿ ಕೆಲಸ ಕೆಟ್ಟ ಮೇಲೆ. ಆದರೆ ಪೇಂಟಿಗೆ ತಾಗುವುದು ಮಶಿನ್ ಅಲ್ಲ, ಪ್ಯಾಡು. ಕಾರು, ದೋಣಿ ಎರಡನ್ನೂ ಉಜ್ಜಿ, ಒಂದೆರಡು ಸಲ ಕೈ ಸುಟ್ಟುಕೊಂಡು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಕಾಂಪೌಂಡ್ ಚೆನ್ನಾಗಿದ್ದರೆ ಸಾಲದಾ? ಪ್ಯಾಡ್ ಯಾವುದಾದರೇನು?

ಸಾಲದು. ಒಂದೇ ಬಾಟಲಿಯ ಕಾಂಪೌಂಡನ್ನು ಉಣ್ಣೆ ಪ್ಯಾಡಿಗೆ ಹಾಕಿದರೆ ಗೀರು ಸರಸರ ಹೋಗುತ್ತದೆ. ಅದನ್ನೇ ಮೆತ್ತನೆಯ ಫೋಮಿಗೆ ಹಾಕಿದರೆ ಹೊಳಪು ಬರುತ್ತದೆ, ಗೀರು ಹಾಗೇ ಉಳಿಯುತ್ತದೆ. ಉಪ್ಪುಕಾಗದವನ್ನು ಮರದ ತುಂಡಿಗೆ ಸುತ್ತಿ ಉಜ್ಜುವುದಕ್ಕೂ ಸ್ಪಂಜಿಗೆ ಸುತ್ತಿ ಉಜ್ಜುವುದಕ್ಕೂ ವ್ಯತ್ಯಾಸ ಇದೆಯಲ್ಲ, ಹಾಗೆ.

ಇನ್ನೊಂದು ಮಾತು. ಪಾಲಿಶ್ ಅಂದರೆ ಮೇಲೆ ಏನನ್ನೋ ಬಳಿಯುವುದು ಅಂತ ತುಂಬ ಜನ ಅಂದುಕೊಂಡಿದ್ದಾರೆ. ಅಲ್ಲ, ಅದು ತೆಗೆಯುವ ಕೆಲಸ. ಗೀರು ತುಂಬಿಕೊಳ್ಳುವುದಿಲ್ಲ. ಗೀರಿನ ಸುತ್ತಲಿನ ಪೇಂಟನ್ನು ಅದರ ತಳದ ಮಟ್ಟಕ್ಕೆ ಇಳಿಸುತ್ತೇವೆ, ಅಷ್ಟೇ. ಹೋದ ಪೇಂಟ್ ವಾಪಸ್ ಬರುವುದಿಲ್ಲ. ಹಾಗಾಗಿ ಪ್ಯಾಡ್ ಆರಿಸುವಾಗ ಎಷ್ಟು ಹೊಳಪು ಬರುತ್ತದೆ ಅಂತ ಕೇಳುವುದಕ್ಕಿಂತ, ತೆಗೆಯಲು ನನ್ನ ಹತ್ತಿರ ಎಷ್ಟು ಇದೆ ಅಂತ ಕೇಳಿಕೊಳ್ಳುವುದು ಒಳ್ಳೆಯದು.

ದೋಣಿಗೆ ಬಳಸುವ ಪ್ಯಾಡನ್ನೇ ಕಾರಿಗೂ ಬಳಸಬಹುದಾ?

ಅದೇ ಜಾತಿಯ ಪ್ಯಾಡ್ ಬಳಸಬಹುದು, ಅದೇ ಧೈರ್ಯದಿಂದ ಬಳಸಬಾರದು. ಫೈಬರ್ ದೋಣಿಯ ಮೈಮೇಲೆ ಇರುವುದು ಸಾಮಾನ್ಯವಾಗಿ ಪೇಂಟ್ ಅಲ್ಲ, ಜೆಲ್‌ಕೋಟ್. ದೋಣಿ ಮಾಡುವಾಗ ಅಚ್ಚಿಗೆ ಮೊದಲು ಹೊಡೆಯುವ, ಬಣ್ಣ ಬೆರೆಸಿದ ರೆಸಿನ್ ಪದರ ಅದು. ಸರಿಯಾಗಿ ಹೊಡೆದಿದ್ದರೆ ದಪ್ಪ ಸುಮಾರು ಅರ್ಧ ಮಿಲಿಮೀಟರ್, ಅಂದರೆ 500 ಮೈಕ್ರಾನ್. ಈಗಿನ ಕಾರುಗಳಲ್ಲಿ ಬಣ್ಣದ ಮೇಲಿರುವ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ಸಾಮಾನ್ಯವಾಗಿ 40–50 ಮೈಕ್ರಾನ್. ಹೆಚ್ಚುಕಡಿಮೆ ಹತ್ತನೇ ಒಂದು ಪಾಲು. ದೋಣಿ ಒಂದೆರಡು ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಕಾರು ಹಾಕಿಕೊಳ್ಳುವುದಿಲ್ಲ.

ಜೆಲ್‌ಕೋಟಿನಲ್ಲಿ ಸಣ್ಣ ಸಣ್ಣ ರಂಧ್ರಗಳಿರುತ್ತವೆ. ಬಿಸಿಲು, ಉಪ್ಪುನೀರು ತಿಂದು ತಿಂದು ಮೇಲ್ಭಾಗ ಸುಣ್ಣದ ಹಾಗೆ ಬೆಳ್ಳಗಾಗುತ್ತದೆ. ಬೆರಳು ಎಳೆದರೆ ಪುಡಿ ಅಂಟುತ್ತದೆ. ಈ ಸತ್ತ ಪದರವನ್ನು ಪೂರ್ತಿ ಕೆತ್ತಿ ತೆಗೆದರೆ ಮಾತ್ರ ಬಣ್ಣ ಮರಳುತ್ತದೆ. ಅದಕ್ಕೇ ದೋಣಿ ಕೆಲಸದಲ್ಲಿ ಉಣ್ಣೆ ಪ್ಯಾಡಿಗೆ ಅಷ್ಟು ಮರ್ಯಾದೆ.

ದೋಣಿಗೆ ಬಳಸಿದ ಪ್ಯಾಡನ್ನು ತೊಳೆದು ಕಾರಿಗೆ ಹಾಕುವ ಉಳಿತಾಯ ಮಾತ್ರ ಬೇಡ. ಒಳಗೆ ಸಿಕ್ಕಿಕೊಂಡ ಒಂದು ಒರಟು ಕಣ ಸಾಕು, ಇಡೀ ಬಾನೆಟ್ ಮೇಲೆ ಗೆರೆ ಎಳೆಯಲು.

ಉಣ್ಣೆ, ಫೋಮ್, ಮೈಕ್ರೋಫೈಬರ್: ಯಾವುದು ಯಾವಾಗ?

ಉಣ್ಣೆ ಎಲ್ಲಕ್ಕಿಂತ ಬೇಗ ಕೆತ್ತುತ್ತದೆ. ಎಳೆಗಳ ನಡುವೆ ಗಾಳಿ ಆಡುವುದರಿಂದ ಫೋಮಿನಷ್ಟು ಬಿಸಿಯೂ ಏರುವುದಿಲ್ಲ. ಉಣ್ಣೆಯಲ್ಲೂ ಎರಡು ಬಗೆ. ಎಳೆಗಳನ್ನು ಹೊಸೆದು ಮಾಡಿದ್ದು ತುಂಬ ಚುರುಕು. ಹೊಸೆಯದೆ ಬಿಟ್ಟದ್ದು, ಕುರಿಮರಿ ಮೈಯಂತೆ ಮೆತ್ತಗಿರುವುದು, ಸ್ವಲ್ಪ ಸೌಮ್ಯ. ಉಣ್ಣೆಯ ಕೆಟ್ಟ ಗುಣ ಎರಡು. ಹೊಸದರಲ್ಲಿ ಎಳೆ ಉದುರಿಸಿ ಮೈಯೆಲ್ಲಾ ಹತ್ತಿ ಮಾಡುತ್ತದೆ. ಮತ್ತೆ ಎಷ್ಟೇ ಹುಷಾರಾಗಿ ಆಡಿಸಿದರೂ ತನ್ನದೇ ಸಣ್ಣ ಗೆರೆಗಳನ್ನು ಬಿಟ್ಟು ಹೋಗುತ್ತದೆ.

ಫೋಮ್ ಅಂದರೆ ಒಂದು ಪ್ಯಾಡ್ ಅಲ್ಲ, ಒಂದು ಕುಟುಂಬ. ಗಟ್ಟಿಯದು ಕತ್ತರಿಸಲು, ನಡುವಿನದು ಪಾಲಿಶಿಗೆ, ಮೆತ್ತನೆಯದು ಕೊನೆಯ ಹೊಳಪಿಗೆ. ಕಾರಿನಲ್ಲಿ ಜಾಸ್ತಿ ಕೆಲಸ ಮಾಡುವುದು ನಡುವಿನದೇ. ಅಂಗಡಿಯಲ್ಲಿ ಕೈಯಿಂದ ಹಿಚುಕಿ ನೋಡಿ, ಗೊತ್ತಾಗುತ್ತದೆ. ಒತ್ತಿದ ತಕ್ಷಣ ಪುಟಿದು ಬರಬೇಕು. ಅಡುಗೆಮನೆಯ ಹಳೆ ಸ್ಪಂಜಿನಂತೆ ಒಳಗೇ ಕುಳಿತುಬಿಟ್ಟರೆ ಬಿಟ್ಟುಬಿಡಿ.

ಮೈಕ್ರೋಫೈಬರ್ ಪ್ಯಾಡ್ ಇವೆರಡರ ನಡುವಿನದು. ಡ್ಯುಯಲ್ ಆಕ್ಷನ್ ಮಶಿನಿಗೆ (ಸುತ್ತುತ್ತಲೇ ಪಕ್ಕಕ್ಕೂ ಅಲುಗಾಡುವಂಥದ್ದು) ಹಾಕಿದರೆ ಫೋಮಿಗಿಂತ ಚುರುಕಾಗಿ ಕತ್ತರಿಸುತ್ತದೆ. ಆದರೆ ಬೇಗ ಕಾಂಪೌಂಡ್ ಮೆತ್ತಿಕೊಂಡು ಜಿಡ್ಡಾಗುತ್ತದೆ. ಮೆದು ಪೇಂಟಿನ ಮೇಲೆ ತೆಳ್ಳಗೆ ಮಂಜು ಕವಿದಂತೆ ಮಸುಕು ಬಿಡುತ್ತದೆ, ಅದರ ಮೇಲೆ ಮತ್ತೆ ಫೋಮ್ ಓಡಿಸಲೇಬೇಕು.

ಹಳದಿ ಅಂದರೆ ಗಟ್ಟಿ, ಕಪ್ಪು ಅಂದರೆ ಮೆದು ಅಲ್ವಾ?

ಒಂದು ಕಂಪನಿಯಲ್ಲಿ ಹೌದು. ಪಕ್ಕದ ಕಂಪನಿಯಲ್ಲಿ ತಲೆಕೆಳಗು ಇರಬಹುದು. ಪ್ಯಾಡಿನ ಬಣ್ಣಕ್ಕೆ ಎಲ್ಲರೂ ಒಪ್ಪಿದ ನಿಯಮ ಅಂತ ಯಾವುದೂ ಇಲ್ಲ. ಬಣ್ಣ ನೋಡಿ ಕೊಳ್ಳಬೇಡಿ. ಕಟಿಂಗ್, ಪಾಲಿಶಿಂಗ್, ಫಿನಿಶಿಂಗ್ ಅಂತ ಪ್ಯಾಕೆಟ್ ಮೇಲೆ ಏನು ಬರೆದಿದೆ ಅದನ್ನು ಓದಿ. ಆದಷ್ಟೂ ಒಂದೇ ಕಂಪನಿಯ ಸಾಲಿನಲ್ಲಿ ಮುಂದುವರಿಯಿರಿ, ತಲೆನೋವು ಕಡಿಮೆ.

ಮಶಿನ್ ಬದಲಾದರೆ ಪ್ಯಾಡೂ ಬದಲಾಗಬೇಕಾ?

ಬೇಕು. ರೋಟರಿ ಮಶಿನ್ ಒಂದೇ ಕಡೆ ಗಿರ್ರನೆ ಸುತ್ತುತ್ತದೆ. ಬಲ ಜಾಸ್ತಿ, ಬಿಸಿ ಜಾಸ್ತಿ, ಅಪಾಯವೂ ಜಾಸ್ತಿ. ಡ್ಯುಯಲ್ ಆಕ್ಷನ್ ಸುತ್ತುತ್ತಲೇ ಪಕ್ಕಕ್ಕೂ ಅಲುಗಾಡುತ್ತದೆ. ಅಲುಗಾಟದ ಅಗಲ 8, 15 ಅಥವಾ 21 ಮಿಲಿಮೀಟರ್ ಇರುವ ಮಶಿನ್‌ಗಳು ಸಿಗುತ್ತವೆ. ಇದರಲ್ಲಿ ಪೇಂಟ್ ಸುಡುವುದು ಕಷ್ಟ. ಹೊಸಬರು ಇದರಲ್ಲೇ ಶುರು ಮಾಡಲಿ ಅಂತ ನನ್ನ ಮಾತು.

ರೋಟರಿಗೆ ದಪ್ಪ ಫೋಮ್, ಉದ್ದ ಎಳೆಯ ಉಣ್ಣೆ ಹೊಂದುತ್ತದೆ. ಡ್ಯುಯಲ್ ಆಕ್ಷನ್ನಿಗೆ ಅದೇ ದಪ್ಪ ಪ್ಯಾಡ್ ಹಾಕಿದರೆ ಮಶಿನ್ ಅಲುಗಾಟವನ್ನೆಲ್ಲ ಪ್ಯಾಡೇ ನುಂಗಿಬಿಡುತ್ತದೆ. ಮೇಲೆ ಪ್ಯಾಡ್ ಅಂಟಿಸುವ ಪ್ಲೇಟ್ ಕುಣಿಯುತ್ತಿರುತ್ತದೆ, ಕೆಳಗೆ ಪ್ಯಾಡ್ ಸುಮ್ನೆ ನಿಂತಿರುತ್ತದೆ. ಇದಕ್ಕೆ ತೆಳು ಪ್ಯಾಡೇ ಸರಿ. ಪ್ಯಾಡ್ ಸುತ್ತುತ್ತಿದೆಯಾ ಅಂತ ತಿಳಿಯಲು ಪ್ಲೇಟಿನ ಅಂಚಿನಲ್ಲಿ ಮಾರ್ಕರಿನಿಂದ ಒಂದು ಗೆರೆ ಎಳೆದಿಡಿ. ಗೆರೆ ನಿಂತಲ್ಲೇ ನಿಂತರೆ ನೀವು ಜಾಸ್ತಿ ಒತ್ತುತ್ತಿದ್ದೀರಿ, ಅಥವಾ ಮಶಿನನ್ನು ಓರೆ ಹಿಡಿದಿದ್ದೀರಿ.

ದೊಡ್ಡ ದೋಣಿಯ ಕೆಟ್ಟು ಹೋದ ಜೆಲ್‌ಕೋಟಿಗೆ ಮಾತ್ರ ರೋಟರಿ, ಉಣ್ಣೆ ಜೋಡಿಯನ್ನು ಮೀರಿಸುವುದು ಕಷ್ಟ. ಚಿಕ್ಕ ಡ್ಯುಯಲ್ ಆಕ್ಷನ್ ಹಿಡಿದು ಅದರ ಎದುರು ನಿಂತರೆ ಭುಜ ಬಿದ್ದುಹೋಗುತ್ತದೆ, ದೋಣಿ ಹಾಗೇ ಇರುತ್ತದೆ.

ಮನೆಯಲ್ಲಿ ಆಂಗಲ್ ಗ್ರೈಂಡರ್ ಇದೆ. ಅದಕ್ಕೇ ಉಣ್ಣೆ ಪ್ಯಾಡ್ ಸಿಕ್ಕಿಸಿದರೆ?

ಬೇಡ. ಚಿಕ್ಕ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ಸುತ್ತುತ್ತದೆ. ರೋಟರಿ ಪಾಲಿಶರ್ ಓಡುವುದು ಸುಮಾರು 600ರಿಂದ 3,000. ಪೇಂಟ್ ಸುಡುವುದು ಒಂದು ಕಡೆ ಇರಲಿ, ಅಷ್ಟು ವೇಗಕ್ಕೆ ಮಾಡಿರದ ಪ್ಯಾಡ್ ಹರಿದು ಮುಖಕ್ಕೇ ಹಾರಬಹುದು. ಯಾವ ಪ್ಯಾಡ್ ಕೊಂಡರೂ ಅದರ ಗರಿಷ್ಠ ವೇಗ ಎಷ್ಟು ಅಂತ ನೋಡಿ.

ಡ್ರಿಲ್ಲಿಗೆ ಸಿಕ್ಕಿಸುವ ಪ್ಯಾಡುಗಳೂ ಇವೆ. ಹೆಡ್‌ಲೈಟಿಗೆ ಸರಿ, ಬಾನೆಟ್ಟಿಗೆ ಬೇಡ. ಡ್ರಿಲ್ಲನ್ನು ಸಮವಾಗಿ ಹಿಡಿಯುವುದೇ ಕಷ್ಟ.

ಪ್ಯಾಡಿನ ಅಳತೆ ಎಷ್ಟಿರಬೇಕು?

ಕಾರಿಗೆ 5ರಿಂದ 6 ಇಂಚು, ಜೊತೆಗೆ ಬಂಪರ್, ಕನ್ನಡಿ, ಕಂಬಗಳ ಸಂದಿಗೆ ಒಂದು 3 ಇಂಚಿನದು. ದೋಣಿಯ ಅಗಲ ಮೈಗೆ 7ರಿಂದ 9 ಇಂಚು.

ಇಲ್ಲಿ ಮರೆಯುವುದು ಬ್ಯಾಕಿಂಗ್ ಪ್ಲೇಟ್. ಅದು ಪ್ಯಾಡಿಗಿಂತ ಸ್ವಲ್ಪ ಚಿಕ್ಕದಾಗಿರಲೇಬೇಕು. 6 ಇಂಚಿನ ಪ್ಯಾಡಿಗೆ 5 ಇಂಚಿನ ಪ್ಲೇಟ್, ಹೀಗೆ. ಪ್ಲೇಟ್ ದೊಡ್ಡದಾದರೆ ಅದರ ಗಟ್ಟಿ ಅಂಚು ಪೇಂಟಿಗೆ ಬಡಿಯುತ್ತದೆ. ಪ್ಯಾಡನ್ನು ಅಂಟಿಸುವಾಗಲೂ ನಡು ನೋಡಿ ಅಂಟಿಸಿ. ಅರ್ಧ ಇಂಚು ಆಚೀಚೆ ಆದರೂ ಮಶಿನ್ ಕೈಯಲ್ಲಿ ಗಡಗಡ ನಡುಗುತ್ತದೆ. ರೋಟರಿಯ ಪ್ಲೇಟ್ ತರುವ ಮುಂಚೆ ನಿಮ್ಮ ಮಶಿನಿನ ತಿರುಪು ಎಂ14 (14 ಮಿಲಿಮೀಟರಿನದು) ಇದೆಯಾ, 5/8 ಇಂಚಿನದಾ ನೋಡಿಕೊಳ್ಳಿ. ನೋಡಲು ಒಂದೇ ಥರ, ಒಂದಕ್ಕೊಂದು ಕೂರುವುದಿಲ್ಲ.

ದೋಣಿ ಸುಣ್ಣದ ಹಾಗೆ ಬೆಳ್ಳಗಾಗಿದೆ. ಯಾವ ಪ್ಯಾಡಿನಿಂದ ಶುರು ಮಾಡಲಿ?

ಮೊದಲು ಚೆನ್ನಾಗಿ ತೊಳೆಯಿರಿ. ಉಪ್ಪು, ಮರಳು, ಹಳೆ ವ್ಯಾಕ್ಸ್ ಎಲ್ಲ ಹೋಗಬೇಕು. ಆಮೇಲೆ ಕಣ್ಣಿಗೆ ಬೀಳದ ಕಡೆ ಎರಡಡಿ ಚದರ ಜಾಗ ಗುರುತು ಮಾಡಿ ಪರೀಕ್ಷೆ ಮಾಡಿ. ಮಂಕು ಸ್ವಲ್ಪವೇ ಇದ್ದರೆ ಗಟ್ಟಿ ಫೋಮಿನಲ್ಲೇ ಹೋಗಬಹುದು. ಹೋಗದಿದ್ದರೆ ಹೊಸೆಯದ ಉಣ್ಣೆ. ಅದಕ್ಕೂ ಬಗ್ಗದಿದ್ದರೆ ಹೊಸೆದ ಉಣ್ಣೆ ಮತ್ತು ಒರಟು ಕಾಂಪೌಂಡ್.

ಅದಕ್ಕೂ ಜಗ್ಗದ ದೋಣಿಗಳಿವೆ. ಎರಡು ವಾರ ಬಿಟ್ಟು ನೋಡಿದರೆ ಮತ್ತೆ ಅದೇ ಮಂಕು. ಅಂದರೆ ಸತ್ತ ಪದರ ಪೂರ್ತಿ ಹೋಗಿರಲಿಲ್ಲ, ಕಾಂಪೌಂಡಿನ ಎಣ್ಣೆ ಅಂಶ ಅದನ್ನು ಮುಚ್ಚಿತ್ತು ಅಷ್ಟೇ. ಅಲ್ಲಿ ಪ್ಯಾಡನ್ನು ಬೈದು ಪ್ರಯೋಜನ ಇಲ್ಲ. ನೀರು ಹಾಕಿ 800 ಅಥವಾ 1000 ನಂಬರಿನ ಉಪ್ಪುಕಾಗದದಿಂದ ಉಜ್ಜಿ, 1500, 2000ದವರೆಗೆ ಏರಿಸಿ, ಆಮೇಲೆ ಉಣ್ಣೆಗೆ ಬರಬೇಕು. ಮಧ್ಯದ ನಂಬರ್ ಹಾರಿಸಿದರೆ ಆ ಗೆರೆಗಳನ್ನು ತೆಗೆಯಲು ಇಡೀ ದಿನ ಉಣ್ಣೆ ಓಡಿಸಬೇಕಾಗುತ್ತದೆ.

ಹಳೆ ದೋಣಿಯಾದರೆ ಹಿಂದಿನವರು ಎಷ್ಟು ಸಲ ಉಜ್ಜಿದ್ದಾರೋ ಯಾರಿಗೆ ಗೊತ್ತು! ಉಜ್ಜುತ್ತಾ ಹೋದಂತೆ ಬಣ್ಣ ತೆಳುವಾಗಿ ಒಳಗಿನ ಫೈಬರ್ ನೇಯ್ಗೆಯ ನೆರಳು ಕಾಣಿಸಿದರೆ ಅಲ್ಲೇ ನಿಲ್ಲಿಸಿ. ದಪ್ಪ ಅಳೆಯುವ ಸಾಮಾನ್ಯ ಮೀಟರ್ ಕೆಳಗೆ ಲೋಹ ಇದ್ದರೆ ಮಾತ್ರ ಓದುತ್ತದೆ. ಫೈಬರಿಗೆ ಅಲ್ಟ್ರಾಸೋನಿಕ್ ಮೀಟರ್ ಬೇಕು.

ನೀರಿನಲ್ಲಿ ಮುಳುಗುವ ಭಾಗಕ್ಕೆ ಬಳಿದ ಪಾಚಿ ನಿರೋಧಕ ಪೇಂಟಿಗೆ ಪ್ಯಾಡ್ ಮುಟ್ಟಿಸಬೇಡಿ. ಅದರ ಪುಡಿ ವಿಷ.

ಕಾರಿಗೆ ಯಾವ ಕ್ರಮ?

ಕ್ರಮ ದೋಣಿಯದೇ, ಶುರು ಮಾತ್ರ ಇನ್ನೂ ಮೆತ್ತಗೆ. ಸೌಮ್ಯವಾದದ್ದರಿಂದ ಶುರು ಮಾಡಿ, ಸಾಲದಿದ್ದರೆ ಮಾತ್ರ ಗಟ್ಟಿಗೆ ಹೋಗಿ. ನಡುವಿನ ಫೋಮ್, ಸಾಧಾರಣ ಪಾಲಿಶ್ (ಕಾಂಪೌಂಡಿಗಿಂತ ನುಣ್ಣನೆಯ ಪೇಸ್ಟ್), ಒಂದು ಪರೀಕ್ಷೆ ಜಾಗ. ಟಾರ್ಚ್ ಹಾಕಿ ನೋಡಿ. ಜೇಡರ ಬಲೆಯಂಥ ಗೆರೆಗಳಲ್ಲಿ ಮುಕ್ಕಾಲು ಪಾಲು ಹೋಗಿದ್ದರೆ ಸಾಕು, ಅದೇ ಜೋಡಿಯಲ್ಲಿ ಇಡೀ ಕಾರು ಮುಗಿಸಿ.

ಗೀರಿನ ಮೇಲೆ ಉಗುರು ಆಡಿಸಿ. ಉಗುರು ಸಿಕ್ಕಿಕೊಂಡರೆ ಆ ಗೀರು ಆಳವಾಗಿದೆ. ಅದನ್ನು ಪೂರ್ತಿ ತೆಗೆಯುವ ಹಟ ಹಿಡಿದರೆ ಕ್ಲಿಯರ್ ಕೋಟೇ ಹೋಗುತ್ತದೆ. ಅಂಚು ಸ್ವಲ್ಪ ಮೆದು ಮಾಡಿ, ಕಣ್ಣಿಗೆ ಹೊಡೆಯದಂತೆ ಮಾಡಿ ಬಿಟ್ಟುಬಿಡಿ.

ಕಪ್ಪು ಕಾರು. ಪಾಲಿಶ್ ಆದ ಮೇಲೆ ಬಿಸಿಲಿಗೆ ತಂದರೆ ಅಲೆ ಅಲೆಯಾಗಿ ಕಾಣುತ್ತಿದೆ. ಏನಾಯಿತು?

ಇದನ್ನು ಹಾಲೋಗ್ರಾಂ ಅನ್ನುತ್ತಾರೆ. ರೋಟರಿಯಲ್ಲಿ ಉಣ್ಣೆ ಓಡಿಸಿ ಅಲ್ಲಿಗೇ ಬಿಟ್ಟಿದ್ದೀರಿ. ನಾನೂ ಒಮ್ಮೆ ಹಾಗೇ ಮಾಡಿದ್ದೆ. ಸಂಜೆ ಟ್ಯೂಬ್‌ಲೈಟ್ ಬೆಳಕಿನಲ್ಲಿ ಕನ್ನಡಿಯ ಹಾಗೆ ಕಂಡ ಕಾರು, ಬೆಳಿಗ್ಗೆ ಬಿಸಿಲಲ್ಲಿ ಎಣ್ಣೆ ಚೆಲ್ಲಿದ ನೀರಿನಂತೆ ಕಂಡಿತು. ಕಾರಿನವನು ಏನೂ ಅನ್ನಲಿಲ್ಲ. ಅದೇ ಜಾಸ್ತಿ ನೋವು.

ಪರಿಹಾರ ಸುಲಭ. ಡ್ಯುಯಲ್ ಆಕ್ಷನ್ ಮಶಿನ್, ಮೆತ್ತನೆಯ ಫಿನಿಶಿಂಗ್ ಫೋಮ್, ನುಣ್ಣನೆಯ ಪಾಲಿಶ್. ಒತ್ತದೆ, ಮಶಿನಿನ ಭಾರದಲ್ಲೇ ನಿಧಾನಕ್ಕೆ ಎರಡು ಮೂರು ಸುತ್ತು. ಬಿಳಿ ದೋಣಿಯ ಮೇಲೆ ಇದೇ ಗೆರೆ ಇದ್ದರೂ ಕಣ್ಣಿಗೆ ಬೀಳುವುದಿಲ್ಲ, ಹಾಗಾಗಿ ದೋಣಿಯವರು ಉಣ್ಣೆಯಲ್ಲೇ ಮುಗಿಸಿಬಿಡುವುದುಂಟು. ಕಡುನೀಲಿ ದೋಣಿ ಆದರೆ ಈ ಕೊನೆಯ ಸುತ್ತು ತಪ್ಪಿಸಬೇಡಿ.

ಅಂಚಿನಲ್ಲಿ ಪೇಂಟ್ ಹೋಗಿಬಿಟ್ಟಿತು. ಪ್ಯಾಡಿನ ತಪ್ಪಾ?

ಅರ್ಧ ಪ್ಯಾಡಿನದು, ಅರ್ಧ ಕೈಯದು. ಬಾಗಿಲ ಅಂಚು, ಬಾನೆಟ್ ಮಡಿಕೆ, ದೋಣಿಯ ಮೂಲೆ, ಇಲ್ಲೆಲ್ಲ ಪದರ ತೆಳು. ಪ್ಯಾಡಿನ ಇಡೀ ಒತ್ತಡ ಒಂದು ಗೆರೆಯ ಮೇಲೆ ಬೀಳುತ್ತದೆ. ಅಂಚಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಹತ್ತಿರದವರೆಗೆ ಮಶಿನಿನಲ್ಲಿ ಮಾಡಿ, ಟೇಪ್ ಕಿತ್ತು ಅಲ್ಲಿ ಕೈಯಲ್ಲಿ ಉಜ್ಜಿ. ರೋಟರಿ ಹಿಡಿದಾಗ ಪ್ಯಾಡ್ ಅಂಚಿನಿಂದ ಹೊರಕ್ಕೆ ಸುತ್ತುವಂತೆ ನೋಡಿಕೊಳ್ಳಿ. ಅಂಚಿನ ಮೇಲೆ ಒಳಕ್ಕೆ ಕಚ್ಚುವಂತೆ ಬೇಡ.

ಪ್ಲಾಸ್ಟಿಕ್ ಬಂಪರಿನಲ್ಲಿ ಇನ್ನೂ ಹುಷಾರು. ಲೋಹದ ಹಾಗೆ ಅದು ಬಿಸಿಯನ್ನು ಹರಡುವುದಿಲ್ಲ, ಬಿಸಿ ನಿಂತಲ್ಲೇ ನಿಲ್ಲುತ್ತದೆ. ಅಂಗೈ ಇಟ್ಟು ನೋಡುತ್ತಿರಿ. ಅಂಗೈ ತಡೆಯದಷ್ಟು ಸುಟ್ಟರೆ ಆಗಲೇ ತಡವಾಗಿದೆ.

ಒಂದು ಕೆಲಸಕ್ಕೆ ಎಷ್ಟು ಪ್ಯಾಡ್ ಬೇಕು?

ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ. ಒಂದು ಕಾರಿಗೆ ನಡುವಿನ ಫೋಮ್ ನಾಲ್ಕು, ಮೆತ್ತನೆಯದು ಎರಡು ಇದ್ದರೆ ನೆಮ್ಮದಿ. ಬಿಸಿಯಾಗಿ ಒದ್ದೆಯಾದ ಫೋಮ್ ಮೆತ್ತಗಾಗಿ ಕತ್ತರಿಸುವುದನ್ನೇ ನಿಲ್ಲಿಸುತ್ತದೆ. ಎರಡು ಮೂರು ಭಾಗ ಆದ ಮೇಲೆ ಬದಲಿಸಿ ಅದನ್ನು ಆರಲು ಬಿಡಿ. ದೋಣಿಗೆ ಎರಡು ಮೂರು ಉಣ್ಣೆ ಪ್ಯಾಡ್ ಸರದಿಯ ಮೇಲೆ ಓಡಿಸಿ. ಎರಡೂ ಬದಿ ಉಣ್ಣೆ ಇರುವ ಪ್ಯಾಡ್ ಸಿಕ್ಕರೆ ತಿರುಗಿಸಿ ಹಾಕಬಹುದು. ಆದರೆ ಅದಕ್ಕೆ ಬೇರೆ ಅಡಾಪ್ಟರ್ ಬೇಕು, ವೆಲ್ಕ್ರೋ ಪ್ಲೇಟಿಗೆ ಅಂಟುವುದಿಲ್ಲ.

ಒಂದು ಪ್ಯಾಡಿಗೆ ಒಂದೇ ಕಾಂಪೌಂಡ್. ಒರಟು ಕಾಂಪೌಂಡ್ ಕುಡಿದ ಪ್ಯಾಡಿಗೆ ನುಣ್ಣನೆಯ ಪಾಲಿಶ್ ಹಾಕಿದರೆ ಅದು ನುಣ್ಣಗಿನ ಕೆಲಸ ಮಾಡುವುದಿಲ್ಲ.

ಪ್ಯಾಡಿಗೆ ಕಾಂಪೌಂಡ್ ಎಷ್ಟು ಹಾಕಬೇಕು?

ಹೊಸ ಪ್ಯಾಡಿಗೆ ಮೊದಲ ಸಲ ಮುಖದ ತುಂಬ ತೆಳ್ಳಗೆ ಸವರಿ. ಒಣ ಜಾಗ ಉಳಿದರೆ ಅದೇ ಗೀರುತ್ತದೆ. ಆಮೇಲೆ ಬಟಾಣಿ ಗಾತ್ರದ ನಾಲ್ಕೈದು ಹನಿ ಸಾಕು. ಮಶಿನ್ ಚಾಲೂ ಮಾಡುವ ಮುಂಚೆ ಪ್ಯಾಡಿನಿಂದಲೇ ಜಾಗಕ್ಕೆಲ್ಲ ಒತ್ತಿ ಹಚ್ಚಿ. ಇಲ್ಲದಿದ್ದರೆ ಎದುರಿನ ಗೋಡೆಗೂ ನಿಮ್ಮ ಅಂಗಿಗೂ ಪಾಲಿಶ್ ಆಗುತ್ತದೆ. ಎರಡಡಿ ಚದರ ಜಾಗ, ಅಡ್ಡಡ್ಡ ಒಂದು ಸಲ, ಉದ್ದುದ್ದ ಒಂದು ಸಲ, ಪ್ರತಿ ಸಾಲು ಹಿಂದಿನದರ ಅರ್ಧದ ಮೇಲೆ ಬರುವಂತೆ. ನೆರಳಲ್ಲಿ ಮಾಡಿ. ಬಿಸಿಲಲ್ಲಿ ಕಾಂಪೌಂಡ್ ಅಲ್ಲೇ ಒಣಗಿ ಗಂಟು ಕಟ್ಟುತ್ತದೆ.

ಪ್ಯಾಡಿಗೆ ಕಾರಿನ ಬಣ್ಣವೇ ಅಂಟಿತು! ಹಾಳಾಯಿತಾ?

ಹಳೆ ಕಾರುಗಳಲ್ಲಿ ಕ್ಲಿಯರ್ ಕೋಟ್ ಇಲ್ಲದ ಒಂದೇ ಪದರದ ಪೇಂಟ್ ಇರುವುದುಂಟು. ಆಗ ಬಣ್ಣ ಅಂಟುವುದು ಸಹಜ. ಜೆಲ್‌ಕೋಟಿನಲ್ಲೂ ಹಾಗೇ. ಕ್ಲಿಯರ್ ಕೋಟ್ ಇದೆ ಅಂತ ಗೊತ್ತಿರುವ ಕಾರಿನಲ್ಲಿ ಬಣ್ಣ ಬಂದರೆ ಮಾತ್ರ ತಕ್ಷಣ ಮಶಿನ್ ನಿಲ್ಲಿಸಿ.

ಕೆಲಸದ ನಡುವೆ ಪ್ಯಾಡ್ ಸ್ವಚ್ಛ ಮಾಡಬೇಕಾ?

ಪ್ರತಿ ಭಾಗ ಮುಗಿದ ಮೇಲೂ. ಫೋಮಿಗೆ ನೈಲಾನ್ ಬ್ರಶ್, ಉಣ್ಣೆಗೆ ಹಲ್ಲಿನ ಚಕ್ರದಂಥ ಸ್ಪರ್ ಅಂತ ಒಂದು ಸಾಧನ ಸಿಗುತ್ತದೆ. ಕಂಪ್ರೆಸರ್ ಗಾಳಿ ಇದ್ದರೆ ಮೂರಕ್ಕೂ ಒಳ್ಳೆಯದು, ಮೈಕ್ರೋಫೈಬರಿಗಂತೂ ಅದೇ ಮದ್ದು. ಉಣ್ಣೆಯನ್ನು ಸ್ಪರ್ ಮಾಡುವಾಗ ಕನ್ನಡಕ, ಮಾಸ್ಕ್ ಎರಡೂ ಇರಲಿ, ಕಾರಿನಿಂದ ದೂರ ಹೋಗಿ ಮಾಡಿ.

ತೊಳೆಯುವುದು ಹೇಗೆ? ಯಾವಾಗ ಎಸೆಯಬೇಕು?

ಒಣಗಿ ಕಲ್ಲಾಗುವ ಮುಂಚೆ, ಅದೇ ದಿನ. ಉಗುರು ಬೆಚ್ಚಗಿನ ನೀರು, ಸೌಮ್ಯ ಸೋಪು, ಕೈಯಲ್ಲಿ ಹಿಚುಕುವುದು. ಬಟ್ಟೆ ಹಿಂಡಿದಂತೆ ತಿರುಚಬೇಡಿ, ಅಂಟು ಬಿಡುತ್ತದೆ. ಕುದಿನೀರು, ಡ್ರೈಯರ್ ಬಿಸಿ, ಸುಡುಬಿಸಿಲು ಮೂರೂ ಬೇಡ. ನೆರಳಲ್ಲಿ ಒಣಗಿಸಿ ಮುಚ್ಚಳದ ಡಬ್ಬಿಯಲ್ಲಿಡಿ. ನೆಲಕ್ಕೆ ಬಿದ್ದ ಪ್ಯಾಡನ್ನು ಕೊಡವಿ ಮತ್ತೆ ಹಾಕುವ ಅಭ್ಯಾಸ ಬೇಡವೇ ಬೇಡ.

ವೆಲ್ಕ್ರೋ ಬಿಟ್ಟುಕೊಂಡರೆ, ನಡು ಕುಸಿದರೆ, ಫೋಮ್ ಹರಿದರೆ, ಉಣ್ಣೆ ತೊಳೆದ ಮೇಲೂ ಜಡೆ ಕಟ್ಟಿದ್ದರೆ ಅದರ ಕೆಲಸ ಮುಗಿಯಿತು. ಚಕ್ರದ ರಿಮ್ ಉಜ್ಜಲು ಇಟ್ಟುಕೊಳ್ಳಿ.

ಹೆಡ್‌ಲೈಟ್, ದೋಣಿಯ ಕಿಟಕಿ, ಸ್ಟೀಲ್ ಕಂಬಿಗೆ?

ಅಕ್ರಿಲಿಕ್ ಕಿಟಕಿಗೆ ಮೆತ್ತನೆಯ ಫೋಮ್, ಕಡಿಮೆ ವೇಗ. ಬಿಸಿ ಏರಿದರೆ ಅದು ಮಸುಕಾಗುತ್ತದೆ. ಹೆಡ್‌ಲೈಟಿಗೆ 3 ಇಂಚಿನ ಫೋಮ್. ಅದರ ಮೇಲೆ ಬಿಸಿಲು ತಡೆಯುವ ಲೇಪ ಇರುತ್ತದೆ, ಉಜ್ಜಿದಾಗ ಅದೂ ಹೋಗುತ್ತದೆ, ಮತ್ತೆ ಲೇಪ ಹಚ್ಚದಿದ್ದರೆ ಬೇಗ ಹಳದಿಯಾಗುತ್ತದೆ. ಅಲ್ಯೂಮಿನಿಯಂ, ಸ್ಟೀಲಿಗೆ ಬೇರೆಯದೇ ಪ್ಯಾಡ್ ಇಡಿ. ಅಲ್ಯೂಮಿನಿಯಂ ಉಜ್ಜಿದಾಗ ಬರುವ ಕಪ್ಪು ಮಸಿ ಕಂಡು ಹೆದರಬೇಡಿ. ಆ ಪ್ಯಾಡ್ ಪೇಂಟಿನ ಹತ್ತಿರ ಸುಳಿಯಬಾರದು, ಅಷ್ಟೇ. ದೋಣಿಯ ಮೇಲೆ ಕಾಲು ಜಾರದಂತೆ ಒರಟು ಮಾಡಿದ ಜಾಗಕ್ಕೆ ಪ್ಯಾಡ್ ಬೇಡ, ಬ್ರಶ್ ಸಾಕು. ಅಲ್ಲಿ ಹೊಳಪು ತರಿಸಿದರೆ ಜಾರಿ ಬೀಳುವುದು ನೀವೇ.

ನಮ್ಮ ದೋಣಿಗೆ ಜೆಲ್‌ಕೋಟ್ ಮೇಲೆ ಪೇಂಟ್ ಹೊಡೆದಿದೆ.

ಹಾಗಾದರೆ ಮೇಲಿನ ದೋಣಿ ಸಲಹೆಗಳನ್ನು ಮರೆತು ಕಾರಿನ ಸಲಹೆ ಓದಿ. ದೋಣಿಗೆ ಹೊಡೆಯುವ ಕೆಲವು ಪಾಲಿಯುರೇಥೇನ್ ಪೇಂಟ್‌ಗಳ ಹೊಳಪೆಲ್ಲ ಮೇಲಿನ ತೆಳು ಪದರದಲ್ಲೇ ಇರುತ್ತದೆ. ಅದಕ್ಕೆ ಕಾಂಪೌಂಡ್ ಹಾಕಿದರೆ ಆಯಸ್ಸೇ ಕಡಿಮೆ. ಪೇಂಟ್ ಕಂಪನಿಯ ಸೂಚನೆ ನೋಡದೆ ಉಣ್ಣೆ ಮುಟ್ಟಬೇಡಿ.

ವ್ಯಾಕ್ಸ್ ಹಚ್ಚಲು ಯಾವ ಪ್ಯಾಡ್?

ಇರುವುದರಲ್ಲೇ ಅತಿ ಮೆದು ಫೋಮ್, ಕಡಿಮೆ ವೇಗ. ಇಲ್ಲಿ ತೆಗೆಯುವುದು ಏನೂ ಇಲ್ಲ, ಹರಡುವುದು ಮಾತ್ರ. ಕೈಯಲ್ಲಿ ಹಚ್ಚಿದರೂ ನಡೆಯುತ್ತದೆ. ಆ ಪ್ಯಾಡಿನ ಹಿಂದೆ ಮಾರ್ಕರಿನಿಂದ ವ್ಯಾಕ್ಸ್ ಅಂತ ಬರೆದಿಡಿ, ಇಲ್ಲದಿದ್ದರೆ ಮುಂದಿನ ಸಲ ಯಾರೋ ಅದಕ್ಕೇ ಕಾಂಪೌಂಡ್ ಹಾಕಿಬಿಡುತ್ತಾರೆ.